ಹದಿನೇಳನೇ ವಾರದ ಬಾಟಲಿ

ಸುಟ್ಟ ಹತ್ತಿಯ ರುಚಿ ಬಾಯಿಗೆ ಬಂದದ್ದು ಭಾನುವಾರ ಬೆಳಗಿನ ಮೂರನೇ ಎಳೆತಕ್ಕೆ. ಓರೆಸ್ಟ್ ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದ ವೇಪನ್ನು, ಆ ಇ-ಸಿಗರೇಟನ್ನು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹೆಬ್ಬೆರಳ ದಪ್ಪದ ಕರಿ ಲೋಹದ ಕೊಳವೆ, ಮೇಲೆ ಗಾಜಿನ ಪುಟ್ಟ ತೊಟ್ಟಿ, ತೊಟ್ಟಿಯ ತಳದಲ್ಲಿ ಎರಡು ಹನಿ ದ್ರವ. ಕೊಳವೆಯ ಹೊಟ್ಟೆಗೆ ಹೆಂಡತಿ ಸಿರ್ಕಾ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದಳು, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಕ್ಲಬ್ಬಿನ ಮೇಜಿನ ಮೇಲೆ ಬೇರೆಯವರದರ ಜೊತೆ ಅದಲುಬದಲಾಗದಿರಲಿ ಎಂದು. ಚುಕ್ಕೆ ಈಗ ಅರ್ಧ ಸವೆದಿತ್ತು. ಒಳಗಿನ ಕಾಯಿಲ್, ದ್ರವವನ್ನು ಕಾಯಿಸಿ ಆವಿ ಮಾಡುವ ಆ ಹತ್ತಿ ಸುತ್ತಿದ ತಂತಿ, ಸುಟ್ಟುಹೋಗಿದೆ ಎಂಬುದೇನೋ ಅವನಿಗೆ ತಿಳಿಯಿತು. ಹೊಸದು ಯಾವುದನ್ನು ತರಬೇಕು, ಹಳೆಯದನ್ನು ತೆಗೆಯುವುದು ಹೇಗೆ ಎಂಬುದು ತಿಳಿಯದು. ಅರವತ್ಮೂರು ವರ್ಷದ ಗಂಡಸು, ಥಂಡರ್ ಬೇಯ ಸರೋವರದ ದಡದಲ್ಲಿ ಮೂವತ್ತೊಂದು ವರ್ಷ ಧಾನ್ಯ ತುಂಬಿಡುವ ಎಲಿವೇಟರ್ ಗೋಪುರದ ಯಂತ್ರಗಳನ್ನು ನಡೆಸಿದವನು, ತನ್ನ ಬಾಯಿಗಿಡುವ ವಸ್ತುವಿನೊಳಗೆ ಏನಿದೆ ಎಂದು ಗೊತ್ತಿಲ್ಲದೆ ಎರಡು ವರ್ಷ ಅದನ್ನು ಚೀಪಿಕೊಂಡು ಬಂದಿದ್ದ. ಹಾಗೆಂದುಕೊಂಡಾಗ ಅವನಿಗೆ ನಾಚಿಕೆಯಾಯಿತು.

ಕಪಾಟಿನಲ್ಲಿ ಸಿರ್ಕಾಳ ಬೂಟಿನ ರಟ್ಟಿನ ಪೆಟ್ಟಿಗೆ ಇತ್ತು. ಫೆಬ್ರವರಿಯಲ್ಲಿ ಅದರೊಳಗೆ ಹನ್ನೊಂದು ಬಾಟಲಿಗಳಿದ್ದವು. ಈಗ ಒಂದೇ. ಅದರ ಮೇಲೆ ಅಂಟಿಸಿದ ಬಿಳಿ ಪಟ್ಟಿಯಲ್ಲಿ ಅವಳ ನೆಟ್ಟನೆಯ ಅಕ್ಷರದಲ್ಲಿ ಹದಿನೇಳು ಎಂಬ ಅಂಕಿ. ಅದು ಖಾರದ ಅಳತೆಯಲ್ಲ, ವರ್ಷದ ಹದಿನೇಳನೇ ವಾರ. ನಾಳೆ ಸೋಮವಾರ ಶುರುವಾಗುವ ವಾರ. ನಿಕೋಟಿನ್ನಿನ ಪ್ರಮಾಣಕ್ಕೆ ಅವರ ಮನೆಯಲ್ಲಿ ಖಾರ ಎಂದೇ ಹೆಸರು. ಬಾಟಲಿಯಲ್ಲಿ ಖಾರ ಎಷ್ಟಿದೆ ಎಂದು ಬರೆಯಕೂಡದು, ಹೇಳಕೂಡದು ಎಂಬ ಕರಾರು ಅವನೇ ಹಾಕಿದ್ದು. ಅದಕ್ಕೂ ಮೊದಲು ಒಮ್ಮೆ ತಾನೇ ಇಪ್ಪತ್ತರಿಂದ ಹನ್ನೆರಡಕ್ಕೆ ಇಳಿಯಲು ಹೋಗಿ, ಸಂಜೆಯ ಹೊತ್ತಿಗೆ ಗೋಡೆ ಪರಚುವಂತಾಗಿ, ಕದ್ದು ಮತ್ತೆ ಇಪ್ಪತ್ತು ಸುರಿದುಕೊಂಡಿದ್ದ. ಸಂಖ್ಯೆ ಗೊತ್ತಾದರೆ ದೇಹಕ್ಕಿಂತ ಮೊದಲು ತಲೆ ಜಗಳ ತೆಗೆಯುತ್ತದೆ. ನೀನೇ ಬೆರೆಸು, ಎಷ್ಟು ಇಳಿಸಿದೆ ಅಂತ ನಾನು ಕಾಲು ಹಿಡಿದು ಕೇಳಿದರೂ ಹೇಳಬೇಡ ಎಂದಿದ್ದ. ಸಿರ್ಕಾ ನಕ್ಕಿದ್ದಳು. "ಮಾತೇ ಆಡದ ಫಿನ್ ಜನದ ಹೆಂಗಸಿನ ಹತ್ರ ಬಾಯಿ ಮುಚ್ಕೊಂಡಿರು ಅಂತ ಬೇಡ್ಕೋತಿದ್ದೀಯಲ್ಲೋ. ಏನಾದ್ರೂ ಕಷ್ಟದ್ದು ಕೇಳು."

ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿಗೆ ಹಳೆಯ ಟವೆಲ್ಲು ಹಾಸಿ, ಖಾರದ ಬಾಟಲಿ ಒಂದು ಕಡೆ, ಖಾರವೇ ಇಲ್ಲದ ಸೊನ್ನೆಯ ಬಾಟಲಿ ಇನ್ನೊಂದು ಕಡೆ ಇಟ್ಟುಕೊಂಡು, ಸೂಜಿ ಕಿತ್ತ ಸಿರಿಂಜಿನಲ್ಲಿ ಎಳೆದೆಳೆದು ಬೆರೆಸುವಳು. ಅಷ್ಟು ಹೊತ್ತು ಅವನು ಪಕ್ಕದ ಕೋಣೆಯಲ್ಲಿ ಕೂತಿರಬೇಕು. ಗಾಜಿಗೆ ಗಾಜು ತಾಗುವ ಸದ್ದು, ಸಿರಿಂಜಿನ ಗುಟುಕು, ಪಟ್ಟಿ ಹರಿಯುವ ಸದ್ದು. ಕೊನೆಗೆ "ಬಾ" ಎನ್ನುವಳು. ಚರ್ಚು ಬಿಟ್ಟ ಮೇಲೆ ಅವರಿಗೆ ಭಾನುವಾರವೆಂದರೆ ಅದೇ ಆಗಿತ್ತು. ಕಣ್ಣಿನ ಪೊರೆ ತೆಗೆಸಲು ಫೆಬ್ರವರಿ ಕೊನೆಗೆ ಒಂದು ಕಣ್ಣಿಗೆ, ಮಾರ್ಚ್ ಕೊನೆಗೆ ಇನ್ನೊಂದಕ್ಕೆ ದಿನ ಕೊಟ್ಟಾಗ, ಸಿರಿಂಜಿನ ಗೆರೆ ಕಾಣದೆ ಹೋದರೆ ಕಷ್ಟ ಎಂದು ಅವಳು ಏಪ್ರಿಲ್‌ವರೆಗಿನದನ್ನು ಜನವರಿಯಲ್ಲೇ ಬೆರೆಸಿ ಪೆಟ್ಟಿಗೆ ತುಂಬಿದಳು. ಆಸ್ಪತ್ರೆಗೆ ಹೋಗುವ ದಿನ ಬರುವ ಮೊದಲೇ ಹೋದಳು. ಬಾಟಲಿಗಳು ಉಳಿದವು. ವಾರಕ್ಕೊಂದರಂತೆ ಅವನು ತೆರೆದ, ಮುಗಿಸಿದ. ಸತ್ತವಳು ಅಳೆದಿಟ್ಟದ್ದನ್ನು ಉಸಿರಾಡುತ್ತಿದ್ದೇನೆ ಎಂಬುದು ಒಂದೊಂದು ಸಲ ಸ್ನಾನ ಮಾಡುವಾಗ ತಟ್ಟನೆ ನೆನಪಾಗುತ್ತಿತ್ತು.

ಆದರೆ ಅವನನ್ನು ತಿನ್ನುತ್ತಿದ್ದದ್ದು ಅದಲ್ಲ. ಈ ಬಾಟಲಿಗಳಲ್ಲಿ ಏನಿದೆ ಎಂಬುದು. ಅವಳು ಹೋಗುವ ಎರಡು ದಿನ ಮೊದಲು, ಅದೂ ಭಾನುವಾರವೇ, ಕರ್ಲಿಂಗ್ ಕ್ಲಬ್ಬಿನ ಕಾರು ನಿಲ್ಲಿಸುವ ಬಯಲಿನಲ್ಲಿ ಅವನು ಬಾಯಿಗೆ ಬಂದಂತೆ ಬೈದಿದ್ದ. ಅವಳ ತಂಡ ಸೋತಿತ್ತು. ಮಂಜುಗಡ್ಡೆ ಉಜ್ಜುವ ಪೊರಕೆಗಳನ್ನು ಹಿಡಿದು ಅವಳ ಮೂವರು ಗೆಳತಿಯರು ಅಲ್ಲೇ ನಿಂತಿದ್ದರು. ಒಂದು ವಾರದಿಂದ ನಿದ್ದೆಯಿಲ್ಲ, ಖಾರ ತೀರಾ ಇಳಿಸಿದ್ದೀಯ ಎಂದು ಶುರುಮಾಡಿದ್ದು ಎಲ್ಲಿಗೋ ಹೋಯಿತು. "ನಾಯಿ ಸರಪಳಿ ದಿನಾ ಒಂದೊಂದು ಕೊಂಡಿ ಕತ್ತರಿಸಿದ ಹಾಗೆ ಕತ್ತರಿಸ್ತಾ ಕೂತಿದ್ದೀಯ. ಮಕ್ಕಳಿಲ್ಲ ನಿನಗೆ, ಆಟ ಆಡ್ಸೋಕೆ ನಾನು ಸಿಕ್ಕಿದೆ." ಗೆಳತಿಯರು ಬೇರೆ ಕಡೆ ನೋಡಿದರು. ಒಬ್ಬಳು ತನ್ನ ಕೈಗವಸನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು. ಸಿರ್ಕಾ ಪೊರಕೆಯನ್ನು ಡಿಕ್ಕಿಯಲ್ಲಿಟ್ಟು, "ಕಾರು ಹತ್ತು. ಕಾಲು ತಣ್ಣಗಾಗ್ತಿದೆ" ಎಂದಳು. ಮಾರನೆಯ ಸಂಜೆ ಪೆಟ್ಟಿಗೆ ಮೇಜಿನ ಮೇಲಿಟ್ಟುಕೊಂಡು ಕೂತಳು. ಪಕ್ಕದ ಕೋಣೆಯಿಂದ ಅವನು ಕೇಳಿಸಿಕೊಂಡ: ಹನ್ನೊಂದು ಮುಚ್ಚಳ ತೆರೆದ ಸದ್ದು, ಸಿರಿಂಜಿನ ಗುಟುಕು, ಹನ್ನೊಂದು ಮುಚ್ಚಳ ಮುಚ್ಚಿದ ಸದ್ದು. ಬಾಗಿಲಿಗೆ ಬಂದು ನಿಂತು "ಹಾಕಿದ್ದೀನಿ. ಇನ್ನು ಸಾಕಾಗುತ್ತೆ" ಎಂದಳು. ಮುಖ ದೀಪಕ್ಕೆ ಅಡ್ಡವಾಗಿದ್ದರಿಂದ ಕಾಣಲಿಲ್ಲ.

ಮಂಗಳವಾರ ಬೆಳಿಗ್ಗೆ ಹಿಂಬದಿಯ ಜಗುಲಿಯಲ್ಲಿ ನಿಂತು ಹೊಸ ಬಾಟಲಿಯ ಮೊದಲ ಎಳೆತ ಎಳೆದಾಗ ಗಂಟಲು ಗಪ್ಪನೆ ಹಿಡಿಯಿತು, ಎದೆ ಬೆಚ್ಚಗಾಯಿತು, ತಿಂಗಳುಗಳಿಂದ ಇಲ್ಲದ ತೃಪ್ತಿ. ಗೆದ್ದೆ ಅನ್ನಿಸಿತು. ಇದೇ ಶಬ್ದ, ಗೆದ್ದೆ. ಮುಂಬಾಗಿಲ ಕಡೆ ಅವಳು ಕಾಲುದಾರಿಯ ಹಿಮ ಎತ್ತುತ್ತಿದ್ದಳು. ಸಲಿಕೆ ಕಾಂಕ್ರೀಟಿಗೆ ಕೆರೆಯುವ ಸದ್ದು ಮನೆ ದಾಟಿ ಕೇಳುತ್ತಿತ್ತು. ಅದು ನಿಂತಿತು. ನಿಂತದ್ದು ಅವನಿಗೆ ಕೇಳಿಸಿತು, ಇದನ್ನು ಅವನು ಯಾರಿಗೂ ಹೇಳಿಲ್ಲ. ನಿಂತಿತು, ಮತ್ತೆ ಶುರುವಾಗಲಿಲ್ಲ. ಅವನು ಇನ್ನೂ ಎರಡು ಎಳೆತ ಎಳೆದ, ನಿಧಾನವಾಗಿ, ರುಚಿ ನೋಡುತ್ತಾ. ಆಮೇಲೆ ಮುಂಬಾಗಿಲಿಗೆ ಹೋದ, ಅವಳು ಹಿಮದಲ್ಲಿ ಬಿದ್ದಿದ್ದಳು.

ಹಾಗಾದರೆ ಎಲ್ಲ ಬಾಟಲಿಗೂ ಅವಳು ಖಾರ ಸುರಿದಿದ್ದಾಳೆ. ಎರಡು ವರ್ಷ ಹನಿಹನಿಯಾಗಿ ಇಳಿಸಿದ್ದನ್ನು ತನ್ನ ಒಂದು ಕೂಗಿಗೆ ಕೈಬಿಟ್ಟು, ಸೋತು, ಮರುದಿನ ಸತ್ತಿದ್ದಾಳೆ. ಇದು ನಿಜವೋ ಅಲ್ಲವೋ ಗೊತ್ತಾಗಬೇಕು ಎಂದು ಹತ್ತು ವಾರದಿಂದ ಅವನ ಜೀವ ಚಡಪಡಿಸುತ್ತಿತ್ತು. ಗೊತ್ತಾಗುವುದು ಬೇಡವೆಂದು ಅಷ್ಟೇ ಹೆದರುತ್ತಲೂ ಇತ್ತು. ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಮಣ್ಣು ಮಾಡಿ ಬಂದ ದಿನ ಅದೇ ಜಗುಲಿಯಲ್ಲಿ ವೇಪು ಎಳೆದಾಗ ಮುಂಬಾಗಿಲ ಕಡೆಯಿಂದ ಸಲಿಕೆಯ ಸದ್ದು ಕೇಳಿತು. ಕರ್ರ್, ಸ್ವಲ್ಪ ಬಿಟ್ಟು ಕರ್ರ್. ಒಂಬತ್ತು ಸಲ. ಆಮೇಲೆ ನಿಂತಿತು. ನೆರೆಯವರಿರಬೇಕು ಎಂದುಕೊಂಡ. ಮಾರನೆಯ ದಿನವೂ ಒಂಬತ್ತು. ಮಾರ್ಚಿನಲ್ಲಿ ಹಿಮ ಕರಗಿತು, ಸದ್ದು ಕರಗಲಿಲ್ಲ. ಎಳೆದರೆ ಬರುತ್ತಿತ್ತು, ಎಳೆಯದ ಹೊತ್ತು ಇರುತ್ತಿರಲಿಲ್ಲ. ಖಾರ ಜಾಸ್ತಿಯಾದರೆ ಕಿವಿಯಲ್ಲಿ ರಕ್ತ ಮೊರೆಯುತ್ತದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡು ದಿನ ದೂಡಿದ. ಆದರೆ ಸದ್ದು ನಿಂತಾಗ ಒಮ್ಮೆಯೂ ಎದ್ದು ಮುಂಬಾಗಿಲಿಗೆ ಹೋಗಿರಲಿಲ್ಲ.

ಹತ್ತು ಗಂಟೆಗೆ ಸಿರ್ಕಾಳ ತಂಗಿ ಐಲಾ ಬಂದಳು, ಬಟ್ಟೆಯಲ್ಲಿ ಸುತ್ತಿದ ಏಲಕ್ಕಿಯ ಪುಲ್ಲಾ ರೊಟ್ಟಿ ಹಿಡಿದು. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ. ಒಳಗೆ ಬಂದವಳೇ ಮೂಗೆತ್ತಿ ಮೂಸಿದಳು.

"ಏನೋ ಸುಟ್ಟಿದ್ದೀಯ."

"ಕಾಯಿಲ್ ಹೋಗಿದೆ."

"ಹೋಗ್ಲಿ ಬಿಡು. ಒಳ್ಳೇದೇ ಆಯ್ತು. ಅದನ್ನ ಎತ್ತಿ ಕೆರೆಗೆ ಎಸಿ, ಐಸು ಒಡೀತಾ ಇದೆ." ಕೆಟಲ್ಲು ಒಲೆಗಿಟ್ಟು, ರೊಟ್ಟಿ ಕತ್ತರಿಸಲು ಚಾಕು ಹುಡುಕಿದಳು. ಚಾಕು ಎಲ್ಲಿದೆ ಎಂದು ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. "ತೆಳ್ಳಗಾಗಿದ್ದೀಯ. ಶೆಡ್ಡಿನಲ್ಲಿ ಸಲಿಕೆ ಇಟ್ಟು ಬಂದಾಗ ನೋಡಿದ್ದಕ್ಕಿಂತ ತೆಳ್ಳಗಾಗಿದ್ದೀಯ."

"ಸಲಿಕೆ ಶೆಡ್ಡಲ್ಲೇ ಇದೆಯಾ?"

"ಮತ್ತಿನ್ನೆಲ್ಲಿ? ಮಾರ್ಚಲ್ಲೇ ಇಟ್ಟು ಬೀಗ ಹಾಕಿದ್ನಲ್ಲ. ಬೀಗದ ಕೈ ನನ್ನ ಪರ್ಸಲ್ಲೇ ಇದೆ, ಕೊಡೋದು ಮರ್ತೆ." ಅವಳು ಅವನ ಮುಖ ನೋಡಿದಳು. "ಯಾಕೆ?"

ಅವನು ಏನಿಲ್ಲ ಎಂದ. ಕಾಫಿ ಕುಡಿಯುವಾಗ ಐಲಾ, ಯಾವುದೋ ಬೇರೆ ಮಾತಿನ ಮಧ್ಯೆ, ಕ್ಲಬ್ಬಿನವರು ಸಿರ್ಕಾಳ ಹೆಸರಿನಲ್ಲಿ ಒಂದು ಬೆಂಚು ಹಾಕಿಸುತ್ತಿದ್ದಾರೆ, ಬರುವ ಶನಿವಾರ ಬರಬೇಕು ಎಂದಳು. ಆ ಬಯಲು, ಆ ಮೂವರು ಹೆಂಗಸರು. ಅವನ ಕೈಯ ರೊಟ್ಟಿಯ ತುಂಡು ಬಟ್ಟಲಿಗೆ ಇಳಿಯಿತು.

"ಅವ್ರೆದುರಿಗೆ ಹೇಗೆ ಬರ್ಲಿ, ಐಲಾ?"

"ಕಾಲಲ್ಲಿ ನಡ್ಕೊಂಡು ಬಾ. ಅವತ್ತು ಮಾತಾಡಿದ್ದು ನೀನಲ್ಲ, ನಿಕೋಟಿನ್ ಇಳಿಸಿದ್ಳು ನೋಡು, ಅದು. ನಾನೇ ಎಲ್ರಿಗೂ ಹೇಳಿದ್ದೀನಿ. ಅವತ್ತು ಅಲ್ಲೇ ನಿಂತಿದ್ದ ಮಾರ್ಯಾಗೂ ಹೇಳಿದ್ದೀನಿ, ಅವಳು ತಲೆ ಆಡ್ಸಿದ್ಳು. ಅವಳ ಗಂಡ ಕುಡಿಯೋದು ಬಿಟ್ಟಾಗ ಟೀವೀನೇ ಎತ್ತಿ ಹಾಕಿದ್ದ. ಎಲ್ರಿಗೂ ಅರ್ಥ ಆಗುತ್ತೆ."

ಅವನೂ ಹಾಗೆಯೇ ನಂಬಿದ್ದ. ಹತ್ತು ವಾರದಿಂದ ಅವನು ಹಿಡಿದು ನಿಂತಿದ್ದ ಕಟ್ಟೆ ಅದೊಂದೇ. ಮಾತಾಡಿದ್ದು ತಾನಲ್ಲ, ದೇಹದಿಂದ ಇಳಿದುಹೋಗುತ್ತಿದ್ದ ಆ ವಿಷ. ಐಲಾ ಬಟ್ಟಲು ತೊಳೆದಿಟ್ಟು, ಪರ್ಸಿನಿಂದ ಶೆಡ್ಡಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೋದಳು. ಅವನು ಹನ್ನೊಂದೂವರೆಯವರೆಗೆ ಕೂತಿದ್ದ. ಬೆರಳುಗಳು ತಾವಾಗಿ ಜೇಬು ತಡಕಿದವು. ಎಲಿವೇಟರಿನಲ್ಲಿ ಗೇಟಿನ ಬಳಿಯೇ ಬೆಂಕಿಪೊಟ್ಟಣ ಒಪ್ಪಿಸಿ ಒಳಗೆ ಹೋಗಬೇಕಿತ್ತು, ಗೋಧಿಯ ಧೂಳಿಗೆ ಒಂದು ಕಿಡಿ ಸಾಕು, ಇಡೀ ಗೋಪುರ ಹಾರಿಹೋಗುತ್ತದೆ. ಎರಡು ಗಂಟೆಗೊಮ್ಮೆ ಬೇಲಿಯಾಚೆ ಬಂದು, ಮೈನಸ್ ಮೂವತ್ತರ ಗಾಳಿಯಲ್ಲಿ, ಗಂಡಸರೆಲ್ಲ ಬೆನ್ನು ಬಾಗಿಸಿ ಸೇದುತ್ತಿದ್ದದ್ದು. ಆಗಿನ ಬೆರಳುಗಳೇ ಇವು. ಕೋಟು ಹಾಕಿಕೊಂಡು ಕಾರು ತೆಗೆದ.

ವೇಪಿನ ಅಂಗಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಸಿರ್ಕಾ ಒಳಗೆ ಹೋದಾಗ ಎಷ್ಟೋ ಸಲ ಹೊರಗೆ ಕಾರಿನಲ್ಲಿ ಕೂತು ಕಾದಿದ್ದ. ಅವಳು ಏನು ಕೊಳ್ಳುತ್ತಾಳೆ ಎಂದು ಕಾಣಬಾರದಲ್ಲ. ಕಿಟಕಿಗಳಿಗೆ ಒಳಗಿನದು ಕಾಣದಂತೆ ಬಿಳಿ ಹಾಳೆ ಅಂಟಿಸಿದ್ದರು. ಕೌಂಟರಿನ ಹಿಂದೆ ಉಣ್ಣೆಯ ಟೋಪಿ ಹೆಣೆಯುತ್ತಾ ಕೂತಿದ್ದ ನಲವತ್ತರ ಹೆಂಗಸು, ಎದೆಯ ಮೇಲೆ ಜೊಲೀನ್ ಎಂಬ ಚೀಟಿ, ಅವನ ನರೆತ ಗಡ್ಡ ನೋಡಿ ಹೆಣಿಗೆ ನಿಲ್ಲಿಸದೆ ಕೇಳಿದಳು: "ವಯಸ್ಸು ಹತ್ತೊಂಬತ್ತು ತುಂಬಿದೆಯಾ ನಿಮಗೆ? ತುಂಬದಿದ್ರೆ ಕೊಡೋ ಹಾಗಿಲ್ಲ."

ಅವನು ವೇಪನ್ನು ಗಾಜಿನ ಮೇಲಿಟ್ಟ. ಜೊಲೀನ್‌ಳ ಸೂಜಿಗಳು ನಿಂತವು. ಕೆಂಪು ಚುಕ್ಕೆಯನ್ನು ಹೆಬ್ಬೆರಳಿನಿಂದ ಸವರಿದಳು.

"ಓ. ಕಣ್ಣಿಗೆ ಬಟ್ಟೆ ಕಟ್ಟಿಸ್ಕೊಂಡೋರು ನೀವೇನಾ? ಸಿರ್ಕಾ ಯಾವಾಗ್ಲೂ ಹಾಗೇ ಅನ್ನೋರು, ನನ್ನ ಕುರುಡ ಕಾರಲ್ಲಿ ಕೂತಿದ್ದಾನೆ ಅಂತ. ಅವರ ಕಣ್ಣು ಹೇಗಿದೆ ಈಗ? ಆಪರೇಷನ್ ಆಯ್ತಾ?"

ಹೇಳಬೇಕಾಯಿತು. ಹೇಳುವಾಗ ತನ್ನ ದನಿ ಔಷಧಿ ಅಂಗಡಿಯಲ್ಲಿ ಚೀಟಿ ಓದುವವನ ದನಿಯಂತೆ ಅವನಿಗೇ ಕೇಳಿಸಿತು. ಜೊಲೀನ್ ಹೆಣಿಗೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು, ಡ್ರಾಯರಿನಿಂದ ಹೊಸ ಕಾಯಿಲ್ ತೆಗೆದು, ಸುಟ್ಟದ್ದನ್ನು ಬಿಚ್ಚತೊಡಗಿದಳು. ಅವಳ ಬೆರಳು ನೋಡುತ್ತಾ ಅವನು ಕೇಳಿದ.

"ಕೊನೇಲಿ ಎಷ್ಟು ಖಾರದ್ದು ತಗೊಂಡು ಹೋಗ್ತಿದ್ಳು?"

"ಹೇಳಲ್ಲ ಅಂತ ಅವ್ರಿಗೆ ಮಾತು ಕೊಟ್ಟಿದ್ದೀನಿ."

"ಮಾತು ಇಸ್ಕೊಂಡೋಳು ಈಗ ಇಲ್ಲಮ್ಮ."

ಜೊಲೀನ್ ಕಾಯಿಲನ್ನು ತಿರುಗಿಸಿ ಕೂರಿಸಿದಳು. "ಸೊನ್ನೆ," ಎಂದಳು. "ಅಕ್ಟೋಬರಿಂದ. ಥ್ಯಾಂಕ್ಸ್‌ಗಿವಿಂಗ್ ಆದ ವಾರ ಬಂದು, ಇನ್ನು ಬ್ಲೂಬೆರಿ ರುಚಿಯ ಸೊನ್ನೆ ಒಂದೇ ಕೊಡು ಜೊಲೀನ್, ಅಂದ್ರು. ಎಷ್ಟು ಖುಷಿ ಅವ್ರಿಗೆ. ಹೇಳಿಬಿಡಿ ಅಂದೆ. ಹೇಳಿದ್ರೆ ಅದೇ ದಿನ ಹೋಗಿ ಸಿಗರೇಟು ತಗೋತಾನೆ, ಅವನ್ನ ನಂಗೆ ಗೊತ್ತು, ಆರು ತಿಂಗಳು ಆಗ್ಲಿ, ಈಸ್ಟರ್‌ಗೆ ಹೇಳ್ತೀನಿ ಅಂದ್ರು."

ಈಸ್ಟರ್ ಮುಗಿದು ಎರಡು ವಾರವಾಗಿತ್ತು. ಓರೆಸ್ಟ್ ಗಾಜಿನ ಅಂಚು ಹಿಡಿದುಕೊಂಡ. "ಇಲ್ಲ," ಎಂದ, "ಫೆಬ್ರವರೀಲಿ ಒಂದು ಸೋಮವಾರ ಬಂದಿರ್ಬೇಕು. ಖಾರದ್ದು ತಗೊಂಡಿರ್ಬೇಕು."

"ಬಂದಿದ್ರು. ಕೋಟು ಕೂಡ ಬಿಚ್ಚಿರ್ಲಿಲ್ಲ. ಹನ್ನೆರಡರ ಬಾಟಲಿ ತೆಗೆದು ಇಗೋ ಇಲ್ಲಿಟ್ರು. ಹತ್ತು ನಿಮಿಷ ಅದನ್ನೇ ನೋಡ್ತಾ ನಿಂತ್ರು. ಹಾಕ್ಲಾ ಚೀಲಕ್ಕೆ ಅಂದೆ. ಬೇಡ, ಅವನಿಗೆ ಬೇಕಾಗಿರೋದು ಇದಲ್ಲ, ಅಂದ್ರು. ವಾಪಸ್ ಅವ್ರೇ ಶೆಲ್ಫಿಗೆ ಇಟ್ಟು ಹೋದ್ರು."

"ಅಳ್ತಿದ್ಳಾ?"

"ಕನ್ನಡಕ ಒರೆಸ್ಕೊಂಡ್ರು. ಹೊರಗೆ ಚಳಿ, ಒಳಗೆ ಬಂದ್ರೆ ಎಲ್ರ ಕನ್ನಡಕಾನೂ ಮಂಜಾಗುತ್ತೆ." ತೊಟ್ಟಿಯನ್ನು ಒರೆಸುತ್ತಾ ಅವಳು ಹೇಳಿದಳು, "ನಂಗೊತ್ತಿಲ್ಲ."

ಸೊನ್ನೆಯ ಬಾಟಲಿಯೊಂದರಿಂದ ಅವಳು ತೊಟ್ಟಿ ತುಂಬಿ, ಹೊಸ ಹತ್ತಿ ನೆನೆಯಲು ಹತ್ತು ನಿಮಿಷ ಬಿಟ್ಟು ಎಳೆಯಿರಿ, ಇಲ್ಲದಿದ್ದರೆ ಇದೂ ಸುಡುತ್ತದೆ ಎಂದು ಹೇಳಿ, ಬಾಟಲಿಯ ಜೊತೆ ಕೊಟ್ಟಳು. ಕಾರಿನಲ್ಲಿ ಕೂತು ಅವನು ಆ ಹತ್ತು ನಿಮಿಷ ಕಾದ. ಅವಳು ಸೋತಿರಲಿಲ್ಲ. ಹತ್ತು ವಾರ ಹೆದರಿದ್ದು ಸುಳ್ಳಾಯಿತು, ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಮುಂದಿನ ಗಾಜಿನಾಚೆ ಖಾಲಿ ಬೀದಿ, ಬದಿಯಲ್ಲಿ ಕೊನೆಯ ಕೊಳಕು ಹಿಮದ ಗುಡ್ಡೆ. ಅಕ್ಟೋಬರಿನಿಂದ ಸೊನ್ನೆ. ಅಂದರೆ ನವೆಂಬರ್, ಡಿಸೆಂಬರ್, ಜನವರಿ. ಫೆಬ್ರವರಿಯ ಆ ಭಾನುವಾರ ತನ್ನ ರಕ್ತದಲ್ಲಿ ಇಳಿಯಲು ಏನೂ ಉಳಿದೇ ಇರಲಿಲ್ಲ. ಅಂದು ಆ ಬಯಲಿನಲ್ಲಿ ನಿಂತು, ಮಕ್ಕಳಿಲ್ಲ ನಿನಗೆ ಎಂದವನು ಯಾರು ಹಾಗಾದರೆ? ಐಲಾ ಊರೆಲ್ಲ ಹೇಳಿಕೊಂಡು ಬಂದ ನಿಕೋಟಿನ್ ಅಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಓರೆಸ್ಟ್ ಒಬ್ಬನೇ. ಮೂವತ್ತೈದು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತನ್ನು, ಒಂದು ನೆಪ ಸಿಕ್ಕಿತೆಂದು, ಸರಿಯಾಗಿ ತೂಗಿ ನೋಡಿ ಆಡಿದ್ದ. ಅದು ಅವಳಿಗೆ ಗೊತ್ತಿತ್ತು. ಬಯಲಿನಲ್ಲಿ ನಿಂತಾಗಲೇ ಗೊತ್ತಿತ್ತು, ಬಾಟಲಿಯಲ್ಲಿ ಏನೂ ಇಲ್ಲ ಎಂದು ಅವಳೊಬ್ಬಳಿಗೇ ಗೊತ್ತಿದ್ದದ್ದು. ಕಾರು ಹತ್ತು, ಕಾಲು ತಣ್ಣಗಾಗುತ್ತಿದೆ ಎಂದಿದ್ದಳು. ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ.

ಹತ್ತು ನಿಮಿಷವಾದ ಮೇಲೆ ಎಳೆದ. ಸಿಹಿ ಆವಿ, ಸ್ನಾನದ ಕೋಣೆಯ ಆವಿಯಂತೆ ಸಪ್ಪೆ. ಗಂಟಲಿಗೆ ಏನೂ ತಾಗಲಿಲ್ಲ. ಕಿವಿಗೊಟ್ಟು ಕೂತ. ಎಲ್ಲೋ ಒಂದು ಲಾರಿ, ಸೀಗಲ್ ಹಕ್ಕಿಗಳು. ಸಲಿಕೆಯಿಲ್ಲ. ಮತ್ತೆ ಎಳೆದ, ಮತ್ತೆ. ಇಲ್ಲ.

ಹಾಗಾದರೆ ಅವಳು ಏನು ಹಾಕಿದಳು? ಈ ಪ್ರಶ್ನೆ ಮನೆಯ ದಾರಿಯಲ್ಲಿ ಅರ್ಧಕ್ಕೆ ಬಂದಾಗ ಹುಟ್ಟಿತು, ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಹನ್ನೊಂದು ಮುಚ್ಚಳ ತೆರೆದದ್ದು ಅವನು ಕೇಳಿಸಿಕೊಂಡಿದ್ದಾನೆ. ಸಿರಿಂಜಿನ ಗುಟುಕು ಕೇಳಿಸಿಕೊಂಡಿದ್ದಾನೆ. ಹಾಕಿದ್ದೀನಿ ಎಂದಳು. ಅವಳು ಸುಳ್ಳು ಹೇಳುವವಳಲ್ಲ, ಹೇಳದೆ ಇರುವವಳು. ಗಂಟಲು ಹಿಡಿದದ್ದು ನಿಜ, ಎದೆ ಬೆಚ್ಚಗಾದದ್ದು ನಿಜ, ಹತ್ತು ಬಾಟಲಿಯೂ ಹಾಗೇ ಹಿಡಿದಿದ್ದವು. ಖಾರ ಜಾಸ್ತಿಯಾಗಿ ಕಿವಿ ಮೊರೆಯುತ್ತದೆ ಎಂದು ಹೇಳಿಕೊಳ್ಳಲು ಈಗ ಖಾರವೂ ಇಲ್ಲ.

ಮನೆಗೆ ಬಂದು ಅಡುಗೆಮನೆಯ ಮೇಜಿಗೆ ಹಳೆಯ ಟವೆಲ್ಲನ್ನೇ ಹಾಸಿದ. ತೊಟ್ಟಿಯಲ್ಲಿದ್ದ ಅಂಗಡಿಯ ದ್ರವವನ್ನು ಸಿಂಕಿಗೆ ಚೆಲ್ಲಿ, ಒರೆಸಿ, ಪೆಟ್ಟಿಗೆಯಿಂದ ಹದಿನೇಳನೇ ವಾರದ ಬಾಟಲಿ ತೆಗೆದು, ನಾಳೆ ತೆರೆಯಬೇಕಾದ್ದನ್ನು ಇಂದೇ ತೆರೆದು ತುಂಬಿದ. ಹತ್ತಿ ಹೊಸದನ್ನು ಕುಡಿಯಲೆಂದು ಕಾದ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು, ಅವಳು "ಬಾ" ಎಂದು ಕರೆಯುತ್ತಿದ್ದ ಹೊತ್ತು. ಅವನು ಕೂತಿದ್ದದ್ದು ಅವಳ ಕುರ್ಚಿಯಲ್ಲಿ. ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಅವನ ಕುರ್ಚಿಯ ತೋಳು ಕಾಣುತ್ತಿತ್ತು. ಅಲ್ಲಿ ಕೂತು ಯಾರೋ ತನ್ನ ಸದ್ದುಗಳನ್ನು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಎದ್ದು ಬಾಗಿಲು ಮುಚ್ಚಬೇಕೆಂದುಕೊಂಡ, ಮುಚ್ಚಲಿಲ್ಲ.

ಎಳೆದ. ಗಂಟಲು ಗಪ್ಪನೆ ಹಿಡಿಯಿತು. ಎದೆಗೆ ಬಿಸಿ ಇಳಿಯಿತು, ಬೆರಳ ತುದಿಯವರೆಗೆ. ಬಾಯಿಂದ ಹೊರಟ ಆವಿ ಮೇಜಿನ ಆಚೆ, ಕೂತ ಮನುಷ್ಯರ ತಲೆಯ ಎತ್ತರಕ್ಕೆ, ಚದುರದೆ ನಿಂತುಕೊಂಡಿತು. ಕರ್ರ್ ಎಂದಿತು ಹೊರಗೆ. ಇಂದು ಬಹಳ ಹತ್ತಿರ, ಮುಂಬಾಗಿಲ ಮೆಟ್ಟಿಲ ಬಳಿಯೇ, ಒದ್ದೆ ಹಿಮದ ಭಾರಕ್ಕೆ ಸಲಿಕೆಯ ಹಿಡಿ ಕಿರುಗುಟ್ಟಿದ್ದೂ ಕೇಳಿತು. ಅವನ ಕಣ್ಣು ಮೇಜಿನ ಮೇಲಿದ್ದ ಶೆಡ್ಡಿನ ಬೀಗದ ಕೈ ಮೇಲಿತ್ತು. ಎರಡು, ಮೂರು. ಆರನೆಯದಕ್ಕೆ ಅವಳು ಉಸಿರು ಬಿಟ್ಟದ್ದು ಕೇಳಿತು. ಒಂಬತ್ತು. ನಿಂತಿತು. ಏಳಬೇಕು ಎಂದುಕೊಂಡ. ಏಳಲಿಲ್ಲ. ಅಂದಿನ ಹಾಗೆಯೇ, ಕೈ ತಾನಾಗಿ ಎದ್ದು ವೇಪನ್ನು ಬಾಯಿಗಿಟ್ಟಿತು, ಎರಡು ಸಲ. ಆವಿ ಚದುರಿ ಮೇಜಿನ ಆಚೆ ಖಾಲಿ ಕುರ್ಚಿ ಕಂಡಿತು.

ಬಾಟಲಿಯಲ್ಲಿ ಇನ್ನೂ ಆರು ದಿನಕ್ಕಾಗುವಷ್ಟಿತ್ತು. ಮುಚ್ಚಳ ಬಿಗಿದು ಪೆಟ್ಟಿಗೆಯಲ್ಲೇ ಇಟ್ಟುಬಿಡಬಹುದು, ಇಟ್ಟರೆ ಅವಳು ಅದರೊಳಗೆ ಇರುತ್ತಾಳೆ, ತಾನು ಹೊರಗೆ. ಎಳೆದು ಮುಗಿಸಿಬಿಡಬಹುದು, ಆಮೇಲೆ ಶನಿವಾರದ ಬೆಂಚಿನ ಮುಂದೆ ಹೋಗಿ ನಿಲ್ಲುವುದು ಯಾವ ಮುಖ ಹೊತ್ತು? ಏಕಾಏಕಿ ಬಿಟ್ಟವರು ಬದುಕುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂದು ಎರಡು ವರ್ಷ ಕಲಿಸಿದವಳು ಅವಳೇ. ಅವನು ಡ್ರಾಯರಿನಿಂದ ಸಿರಿಂಜು ತೆಗೆದ. ಒಂದು ಕಡೆ ಅವಳ ಬಾಟಲಿ, ಇನ್ನೊಂದು ಕಡೆ ಜೊಲೀನ್ ಕೊಟ್ಟ ಸೊನ್ನೆ. ಗೆರೆ ಎಣಿಸಿ ಅವಳದರಿಂದ ಅರ್ಧ ಎಳೆದು ಒಂದು ಖಾಲಿ ಬಾಟಲಿಗೆ ಬಿಟ್ಟ, ಅಷ್ಟೇ ಸೊನ್ನೆ ಎಳೆದು ಬಿಟ್ಟ, ಮುಚ್ಚಿ ಅಲ್ಲಾಡಿಸಿದ. ಎರಡು ಹನಿ ಟವೆಲ್ಲಿಗೆ ಬಿದ್ದವು, ಬೆರಳಿಂದ ಒತ್ತಿ ತೆಗೆಯಲು ನೋಡಿದ. ಪಟ್ಟಿ ಹರಿದು ಅಂಟಿಸಿ, ಅವಳಷ್ಟು ನೆಟ್ಟಗಲ್ಲದ ಅಕ್ಷರದಲ್ಲಿ ಹದಿನೆಂಟು ಎಂದು ಬರೆದ. ಮುಂದಿನ ವಾರ ಇದರ ಅರ್ಧ, ಅದರ ಮುಂದಿನ ವಾರ ಅದರ ಅರ್ಧ. ಎಲಿವೇಟರಿನಲ್ಲಿ ಧಾನ್ಯ ತುಂಬುವ ಬಾವಿಗಳನ್ನು ಗುಡಿಸುವಾಗ ಎಷ್ಟು ಗುಡಿಸಿದರೂ ತಳದ ಸಂದಿಯಲ್ಲಿ ನಾಲ್ಕು ಗೋಧಿಕಾಳು ಉಳಿದೇ ಉಳಿಯುತ್ತಿದ್ದವು, ಪೂರ್ತಿ ಖಾಲಿಯಾದ ಬಾವಿಯನ್ನು ಅವನು ಕಂಡೇ ಇಲ್ಲ. ಇದೂ ಹಾಗೆಯೇ, ಸೊನ್ನೆಯಾಗುವುದಿಲ್ಲ.

ತೊಟ್ಟಿಗೆ ಹದಿನೆಂಟನ್ನು ತುಂಬಿದ. ಕಾದ. ಎಳೆದ. ಗಂಟಲು ಹಿಡಿಯಿತು, ಮೊದಲಿಗಿಂತ ಮೆಲ್ಲಗೆ. ಕರ್ರ್ ಎಂಬುದು ಈಗ ಮೆಟ್ಟಿಲ ಬಳಿಯಲ್ಲಿರಲಿಲ್ಲ, ಕಾಲುದಾರಿ ಬೀದಿಗೆ ಸೇರುವಲ್ಲಿಂದ, ತೆಳ್ಳಗೆ ಬರುತ್ತಿತ್ತು. ಅವನು ಎಣಿಸಲಿಲ್ಲ. ನಿಂತಿತು.

ವೇಪನ್ನು ಟವೆಲ್ಲಿನ ಮೇಲಿಟ್ಟ. ಕೈ ಅದರ ಕಡೆ ಮತ್ತೆ ಹೋಯಿತು, ಅರ್ಧದಲ್ಲಿ ಹಿಂದೆಗೆದುಕೊಂಡ. ಮೇಜಿನ ಅಂಚು ಒತ್ತಿ ಎದ್ದು, ಪಡಸಾಲೆ ದಾಟಿ, ಚಪ್ಪಲಿ ಕೂಡ ಹಾಕದೆ ಮುಂಬಾಗಿಲು ತೆರೆದ. ಏಪ್ರಿಲ್ಲಿನ ಬಿಸಿಲು, ಒಣಗಿದ ಕಾಂಕ್ರೀಟು. ಎದುರುಮನೆಯ ಮುದುಕಿ ಡೆಲ್ಫೀನ್ ನಾಯಿ ಹಿಡಿದು ಹೋಗುತ್ತಿದ್ದಳು. ಅವನನ್ನು ನೋಡಿ ಕೈ ಎತ್ತಿದವಳು, ಅವನ ಕಣ್ಣು ತನ್ನ ಮೇಲಿಲ್ಲವೆಂದು ಕಂಡು ಕೈ ಇಳಿಸಿದಳು. ತಾನು ಆಡುವುದು ಆ ಮುದುಕಿಗೂ ಕೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಮೆಟ್ಟಿಲಿಳಿದು, ಕಾಲುದಾರಿಯ ಕೊನೆಯವರೆಗೂ ಹೋಗಿ ನಿಂತ.

"ನಿಕೋಟಿನ್ ಅಲ್ಲ, ಸಿರ್ಕಾ," ಎಂದ. "ಅದು ನಾನೇ ಅಂದಿದ್ದು." ಸ್ವಲ್ಪ ಹೊತ್ತು ನಿಂತು, ಅಂದು ಹೇಳಬೇಕಾದ್ದನ್ನೂ ಹೇಳಿದ. "ಸಾಕು ಬಿಡು, ಸಲಿಕೆ ಇಲ್ಲಿ ಕೊಡು. ನೀನು ಒಳಗೆ ಹೋಗು, ಉಳಿದದ್ದು ನಾನು ತೆಗೀತೀನಿ."